ಕಥೆಯ ಮಾಂತ್ರಿಕನನ್ನು ಆಟಕ್ಕೆ ತರುವಾಗ

ಹುಬ್ಬಳ್ಳಿ-ಧಾರವಾಡದಲ್ಲಿ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ದಾಳ ಉರುಳಿಸುತ್ತಾ ಆಡುವ ಕಥೆಯಾಟ) ಶುರು ಮಾಡುತ್ತಿರುವ ಹೊಸಬರಿಗೆ ಒಂದು ಸಲಹೆ. ಓದಿದ ಕಥೆಯ ಮಾಂತ್ರಿಕನನ್ನೇ ಆಡಬೇಕು ಅಂದರೆ ಗಡ್ಡ, ಕೋಲು ನೋಡಿ ಕ್ಲಾಸ್ (ಪಾತ್ರದ ವರ್ಗ) ಆರಿಸಬೇಡಿ. ಅವನಿಗೆ ಶಕ್ತಿ ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ಓದಿ ಕಲಿತವನಾದರೆ ವಿಝರ್ಡ್. ಹುಟ್ಟಿನಿಂದಲೇ ಬಂದಿದ್ದರೆ ಸಾರ್ಸರರ್. ದೊಡ್ಡ ಶಕ್ತಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿದ್ದರೆ ವಾರ್ಲಾಕ್.

ಆಮೇಲೆ ಆಸೆ ಸ್ವಲ್ಪ ಕಡಿಮೆ ಮಾಡಿ. ಐದನೇ ಆವೃತ್ತಿಯಲ್ಲಿ ಮೊದಲ ಲೆವೆಲ್ ವಿಝರ್ಡ್‌ನ ಪುಸ್ತಕದಲ್ಲಿ 6 ಮಂತ್ರ, ಕೈಯಲ್ಲಿ 2 ಸ್ಲಾಟ್ ಅಷ್ಟೇ. ಒಂದು ಮಂತ್ರ ಹಾಕಿದರೆ ಒಂದು ಸ್ಲಾಟ್ ಖರ್ಚು. ಕಥೆಯಲ್ಲಿ ಊರು ಸುಡುವವನ ಸ್ಲಾಟು ಇಲ್ಲಿ ಗಿರ್ಮಿಟ್ ತಿಂದು ಮುಗಿಸೋದರೊಳಗೆ ಖಾಲಿ! ಹಾಗಾಗಿ ಅವನ ಗುರುತಿನಂತಿರುವ ಸಣ್ಣ ವಿದ್ಯೆಯನ್ನು ಕ್ಯಾಂಟ್ರಿಪ್ ಅನ್ನೋ ಚಿಕ್ಕ ಮಂತ್ರಗಳಲ್ಲಿ ಹುಡುಕಿ. ಅದಕ್ಕೆ ಸ್ಲಾಟ್ ಬೇಡ, ಎಷ್ಟು ಸಲ ಬೇಕಾದರೂ ಬಳಸಬಹುದು. ಬೆಂಕಿ ನೀಲಿ ಬಣ್ಣದ್ದಿರಲಿ, ಮಂತ್ರಕ್ಕೆ ಕಥೆಯಲ್ಲಿರುವ ಹೆಸರೇ ಇಡಿ. ಡ್ಯಾಮೇಜ್ ಡೈಸ್ (ಪೆಟ್ಟು ಎಷ್ಟು ಅಂತ ಹೇಳುವ ದಾಳ) ಮಾತ್ರ ಮುಟ್ಟಬೇಡಿ.

ಮಂತ್ರ ಹಾಕಿದರೆ ಆಯುಷ್ಯ ಕಳೆಯುವ ಮಾಂತ್ರಿಕರೂ ಇರುತ್ತಾರಲ್ವಾ? ಪ್ರತಿ ಮಂತ್ರಕ್ಕೂ ಹಿಟ್ ಪಾಯಿಂಟ್ (ಪಾತ್ರದ ಜೀವದ ಲೆಕ್ಕ) ಕಳೆಯುವ ನಿಯಮ ನನಗಂತೂ ಹಿಡಿಸಲ್ಲ. ವಿಝರ್ಡ್‌ಗೆ ಇರೋದೇ ಡಿ6 ಹಿಟ್ ಡೈ (ಹಿಟ್ ಪಾಯಿಂಟ್ ಲೆಕ್ಕ ಹಾಕೋಕೆ, ವಿಶ್ರಾಂತಿಯಲ್ಲಿ ಮರಳಿ ಪಡೆಯೋಕೆ ಬಳಸುವ ಆರು ಮುಖದ ದಾಳ), ಸುಮ್ನೆ ಬೇಗ ಸಾಯುತ್ತಾನೆ. ಡಿಎಂ (ಆಟ ನಡೆಸುವವರು) ಒಪ್ಪಿದರೆ ದೊಡ್ಡ ಮಂತ್ರಕ್ಕೆ ಮಾತ್ರ ಒಂದು ಹಿಟ್ ಡೈ ಖರ್ಚು ಅಂತ ಇಟ್ಟು ನೋಡಿ.