ಐ7 ಲ್ಯಾಪ್‌ಟಾಪ್, ಐ5 ಡೆಸ್ಕ್‌ಟಾಪ್ ಮತ್ತು ಎರಡು ಸಾವಿರ ಪುಟಗಳು

ಕಲಬುರಗಿಯಲ್ಲಿ ನಮ್ಮ ಬಡಾವಣೆಯ ಗ್ರಂಥಾಲಯದ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಆ ಚಿತ್ರಗಳನ್ನು ಓಸಿಆರ್ ಮೂಲಕ ಪಠ್ಯವಾಗಿಸುವ ಕೆಲಸವನ್ನು ನಾನು ಎರಡು ವರ್ಷಗಳಿಂದ ಮಾಡುತ್ತಿದ್ದೇನೆ. ಸ್ಕ್ಯಾನಿಂಗ್‌ಗೆ ತಾಳ್ಮೆ ಇದ್ದರೆ ಸಾಕು, ಆದರೆ ಓಸಿಆರ್‌ನ ಭಾರವೆಲ್ಲ ಬೀಳುವುದು ಪ್ರೊಸೆಸರ್‌ನ ಮೇಲೆ. ಮೊದಲು ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲೇ ಎಲ್ಲವೂ ನಡೆಯುತ್ತಿತ್ತು. ಅದರಲ್ಲಿರುವುದು ಇಂಟೆಲ್ ಐ7-1255ಯು ಪ್ರೊಸೆಸರ್. ಗ್ರಂಥಾಲಯಕ್ಕೆ ಒಂದು ಕಂಪ್ಯೂಟರ್ ಕೊಳ್ಳುವಷ್ಟು ದೇಣಿಗೆ ಬಂದಾಗ ನಾನು ಐ5-12400 ಇರುವ ಡೆಸ್ಕ್‌ಟಾಪ್ ಸಾಕೆಂದೆ. ಗ್ರಂಥಪಾಲಕರು ಕೂಡಲೇ ಕೇಳಿದರು: "ಸರ, ನಿಮ್ಮ ಲ್ಯಾಪ್‌ಟಾಪ್‌ನ್ಯಾಗ ಐ7 ಐತಿ. ಹಂತಾದ್ರಾಗ ಗ್ರಂಥಾಲಯಕ್ಕ ಐ5 ಯಾಕ ತಗೋಬೇಕ್ರಿ?" ಐ7 ಎಂದರೆ ಐ5ಕ್ಕಿಂತ ಮೇಲಿನ ದರ್ಜೆ, ಹಾಗಾಗಿ ಪ್ರಶ್ನೆ ನ್ಯಾಯವಾಗಿತ್ತು. ಅಳೆದು ನೋಡದೆ ಉತ್ತರಿಸುವುದು ಸರಿಯಲ್ಲವೆಂದು ತಮ್ಮನ ಮನೆಯಲ್ಲಿದ್ದ ಅದೇ ಐ5-12400 ಡೆಸ್ಕ್‌ಟಾಪನ್ನು ಎರಡು ವಾರದ ಮಟ್ಟಿಗೆ ತಂದಿಟ್ಟುಕೊಂಡೆ.

ಕಾಗದದ ಮೇಲೆ ನೋಡಿದರೆ ಗ್ರಂಥಪಾಲಕರ ಮಾತೇ ಗೆಲ್ಲುತ್ತದೆ. ಎರಡೂ 2022ರಲ್ಲಿ ಬಂದ 12ನೇ ತಲೆಮಾರಿನ ಪ್ರೊಸೆಸರ್‌ಗಳು, ಎರಡರಲ್ಲಿಯೂ ಇರುವ ದೊಡ್ಡ ಕೋರ್‌ಗಳ (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳ) ವಿನ್ಯಾಸ ಒಂದೇ, ಥ್ರೆಡ್‌ಗಳು, ಅಂದರೆ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು, ಎರಡರಲ್ಲಿಯೂ ಹನ್ನೆರಡು. ಗರಿಷ್ಠ ವೇಗ ಡೆಸ್ಕ್‌ಟಾಪ್‌ನದು 4.4 ಗಿಗಾಹರ್ಟ್ಜ್ ಆದರೆ ಲ್ಯಾಪ್‌ಟಾಪ್‌ನದು 4.7. ಆದರೆ ಆ ಹನ್ನೆರಡು ಥ್ರೆಡ್‌ಗಳು ಎಲ್ಲಿಂದ ಬರುತ್ತವೆ ಎಂದು ಕೇಳಿದರೆ ಚಿತ್ರ ಬದಲಾಗುತ್ತದೆ. ಡೆಸ್ಕ್‌ಟಾಪ್‌ನಲ್ಲಿ ಆರೂ ದೊಡ್ಡ ಕೋರ್‌ಗಳೇ, ಒಂದೊಂದಕ್ಕೂ ಎರಡು ಥ್ರೆಡ್. ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಕೋರ್‌ಗಳು ಎರಡೇ. ಉಳಿದ ಎಂಟು, ಕಡಿಮೆ ವಿದ್ಯುತ್ತಿನಲ್ಲಿ ನಡೆಯಲೆಂದು ಮಾಡಿದ ಚಿಕ್ಕ ಕೋರ್‌ಗಳು, ಅವುಗಳಿಗೆ ತಲಾ ಒಂದೇ ಥ್ರೆಡ್. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ವಿದ್ಯುತ್ತಿನದು. ಡೆಸ್ಕ್‌ಟಾಪ್ ಪ್ರೊಸೆಸರ್‌ನ ಮೂಲ ಮಿತಿ 65 ವ್ಯಾಟ್, ಸ್ವಲ್ಪ ಹೊತ್ತು ಮಾತ್ರ ಏರಬಹುದಾದ ಟರ್ಬೋ ಮಿತಿ 117 ವ್ಯಾಟ್. ಲ್ಯಾಪ್‌ಟಾಪ್‌ನದು 15 ಮತ್ತು 55. ಅಂಗಡಿಯ ಫಲಕದಲ್ಲಿ ಐ7 ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ, ಈ 15 ಎಂಬ ಅಂಕಿಯನ್ನು ಮಾತ್ರ ನಾನು ಎಲ್ಲಿಯೂ ಕಂಡಿಲ್ಲ.

ಹೋಲಿಕೆ ನ್ಯಾಯವಾಗಿರಲೆಂದು ಎರಡರಲ್ಲಿಯೂ ಒಂದೇ ಆವೃತ್ತಿಯ ಉಬುಂಟು ಕಾರ್ಯಾಚರಣಾ ವ್ಯವಸ್ಥೆ, ಒಂದೇ ಆವೃತ್ತಿಯ ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ, ಒಂದೇ ಕನ್ನಡ ಭಾಷಾ ಕಡತವನ್ನು ಹಾಕಿಕೊಂಡೆ. ರ‍್ಯಾಮ್ ಎರಡರಲ್ಲಿಯೂ 16 ಜಿಬಿ, ಎರಡೆರಡು ಪಟ್ಟಿಗಳಲ್ಲಿ. ಚಿತ್ರಗಳನ್ನು ಮೊದಲೇ ಎಸ್‌ಎಸ್‌ಡಿಗೆ ಸೇರಿಸಿದೆ, ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿಯೇ ಇಟ್ಟೆ. ಇಷ್ಟಾದರೂ ಮೊದಲ ಎರಡು ದಿನಗಳ ಅಳತೆ ದಂಡವಾಯಿತು. ಟೆಸರಾಕ್ಟ್ ಒಂದೇ ಪುಟವನ್ನು ಓದುವಾಗಲೂ ತಾನಾಗಿ ಹಲವು ಥ್ರೆಡ್‌ಗಳನ್ನು ತೆರೆಯುತ್ತದೆ. ನಾನು ಒಟ್ಟಿಗೆ ಹನ್ನೆರಡು ಪುಟಗಳನ್ನು ಓಡಿಸಿದಾಗ ಆ ಥ್ರೆಡ್‌ಗಳೆಲ್ಲ ಒಂದರ ಮೇಲೊಂದು ಬಿದ್ದು, ಕೆಲಸಕ್ಕಿಂತ ಸರದಿ ಕಾಯುವುದರಲ್ಲೇ ಸಮಯ ಕಳೆಯುತ್ತಿದ್ದವು. ಪ್ರತಿ ಪುಟಕ್ಕೆ ಒಂದೇ ಥ್ರೆಡ್ ಎಂದು ಮಿತಿ ಹಾಕಿದ ಮೇಲಷ್ಟೇ ಎರಡು ಯಂತ್ರಗಳ ಅಂಕಿಗಳೂ ಸ್ಥಿರವಾದವು. ಈ ಮಿತಿ ಹಾಕದೆ ಯಾರಾದರೂ ಟೆಸರಾಕ್ಟ್ ಬಳಸಿ ಪ್ರೊಸೆಸರ್‌ಗಳನ್ನು ಹೋಲಿಸಿದ್ದರೆ ಆ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಮೊದಲ ಪರೀಕ್ಷೆಯಲ್ಲಿ ಒಂದಾದ ಮೇಲೊಂದರಂತೆ ಹತ್ತು ಪುಟಗಳನ್ನು ಓದಿಸಿದೆ. ದಟ್ಟವಾಗಿ ಮುದ್ರಿಸಿದ ಒಂದು ಪುಟಕ್ಕೆ ಡೆಸ್ಕ್‌ಟಾಪ್ ಸುಮಾರು 12 ಸೆಕೆಂಡು ತೆಗೆದುಕೊಂಡರೆ ಲ್ಯಾಪ್‌ಟಾಪ್ 11ರಲ್ಲೇ ಮುಗಿಸಿತು. ಒಂದೇ ಕೋರ್ ದುಡಿಯುವಾಗ ಲ್ಯಾಪ್‌ಟಾಪ್‌ನ ವಿದ್ಯುತ್ ಮಿತಿ ಅಷ್ಟಾಗಿ ಅಡ್ಡ ಬರುವುದಿಲ್ಲ, ದೊಡ್ಡ ಕೋರ್ 4.7ರ ಹತ್ತಿರವೇ ಓಡುತ್ತದೆ. ಪತ್ರ ಬರೆಯುವುದು, ಜಾಲತಾಣ ತೆರೆಯುವುದು, ಸ್ಪ್ರೆಡ್‌ಶೀಟ್ ನೋಡುವುದು ಇಂಥ ಕೆಲಸವಷ್ಟೇ ಇರುವವರು ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಬಹುದು. ಅವರ ಮಟ್ಟಿಗೆ ಆ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್‌ಗೆ ಸಮ, ತುಸು ಮೇಲೂ ಹೌದು.

ನನ್ನ ಕೆಲಸ ಹತ್ತು ಪುಟಗಳದಲ್ಲ. ಏಳೆಂಟು ಪುಸ್ತಕಗಳ ಎರಡು ಸಾವಿರ ಪುಟಗಳನ್ನು ಒಟ್ಟು ಮಾಡಿ, ಏಕಕಾಲಕ್ಕೆ ಹನ್ನೆರಡರಂತೆ ಓಡಿಸಿ, ಪಕ್ಕದ ಕಿಟಕಿಯಲ್ಲಿ ವೇಗ, ತಾಪ, ವ್ಯಾಟ್ ಮೂರನ್ನೂ ನೋಡುತ್ತ ಕುಳಿತೆ. ಲ್ಯಾಪ್‌ಟಾಪ್ 50 ವ್ಯಾಟ್ ದಾಟಿ ಹುರುಪಿನಿಂದ ಹೊರಟಿತು, ತಾಪ 90 ಡಿಗ್ರಿ ಮುಟ್ಟಿತು, ಫ್ಯಾನ್ ಕೂಗತೊಡಗಿತು. ಅರ್ಧ ನಿಮಿಷ ತುಂಬುವ ಹೊತ್ತಿಗೆ ವ್ಯಾಟ್‌ನ ಅಂಕಿ ಒಮ್ಮೆಲೇ 20ಕ್ಕೆ ಇಳಿದು ಅಲ್ಲಿಯೇ ನಿಂತಿತು. ಈ ಲ್ಯಾಪ್‌ಟಾಪ್ ತಯಾರಿಸಿದವರು ದೀರ್ಘಾವಧಿಯ ಮಿತಿಯನ್ನು 15ರ ಬದಲು 20 ಎಂದು ಇಟ್ಟಿದ್ದಾರೆ. ದೊಡ್ಡ ಕೋರ್‌ಗಳ ವೇಗ 2.2 ಗಿಗಾಹರ್ಟ್ಜ್‌ಗೆ ಬಂತು, ಚಿಕ್ಕವು 2 ಗಿಗಾಹರ್ಟ್ಜ್‌ಗೂ ಕೆಳಗೆ ಇಳಿದವು. ಡೆಸ್ಕ್‌ಟಾಪ್ ಮಾತ್ರ ಮೊದಲ ನಿಮಿಷದಲ್ಲಿ ತೋರಿಸಿದ 4 ಗಿಗಾಹರ್ಟ್ಜ್ ವೇಗವನ್ನೇ ಕೊನೆಯ ಪುಟದವರೆಗೂ ತೋರಿಸಿತು. ಡೆಸ್ಕ್‌ಟಾಪ್ ಕೆಲಸ ಮುಗಿಸಿದ್ದು ಒಂದು ಗಂಟೆಗೆ ತುಸು ಮುಂಚೆ. ಲ್ಯಾಪ್‌ಟಾಪ್‌ಗೆ ಒಂದು ಗಂಟೆ ನಲವತ್ತೈದು ನಿಮಿಷ ಹಿಡಿಯಿತು.

ಪ್ರತಿ ಪುಟದ ಸಮಯ ದಾಖಲಾದ ಲಾಗ್ ಕಡತವನ್ನು ತೆರೆದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಡೆಸ್ಕ್‌ಟಾಪ್‌ನಲ್ಲಿ ಪುಟಗಳ ಸಮಯ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿತ್ತು, ಲ್ಯಾಪ್‌ಟಾಪ್‌ನಲ್ಲಿ ಒಂದೇ ಬಗೆಯ ಪುಟಗಳ ಸಮಯವೂ ಏರಿಳಿಯುತ್ತಿತ್ತು. ಯಾವ ಪುಟ ಯಾವ ಕೋರ್‌ಗೆ ಸಿಗುತ್ತದೆ ಎಂಬುದರ ಮೇಲೆ ಇದು ನಿಂತಿರಬಹುದೆಂದು ಅನುಮಾನವಾಗಿ ಟಾಸ್ಕ್‌ಸೆಟ್ ಎಂಬ ಆಜ್ಞೆಯಿಂದ ಒಂದೇ ಪುಟವನ್ನು ಒಮ್ಮೆ ದೊಡ್ಡ ಕೋರ್‌ಗೆ, ಒಮ್ಮೆ ಚಿಕ್ಕ ಕೋರ್‌ಗೆ ಕಟ್ಟಿಹಾಕಿ ಓಡಿಸಿದೆ. ಈ ಪ್ರೊಸೆಸರ್‌ನಲ್ಲಿ ಸೊನ್ನೆಯಿಂದ ಮೂರರವರೆಗಿನ ಸಂಖ್ಯೆಗಳು ದೊಡ್ಡ ಕೋರ್‌ಗಳ ಥ್ರೆಡ್‌ಗಳು, ನಾಲ್ಕರಿಂದ ಹನ್ನೊಂದು ಚಿಕ್ಕವು. ಸೊನ್ನೆಯಲ್ಲಿ 11 ಸೆಕೆಂಡು ತೆಗೆದುಕೊಂಡ ಪುಟ ನಾಲ್ಕರಲ್ಲಿ ಸುಮಾರು 20 ಸೆಕೆಂಡು ತೆಗೆದುಕೊಂಡಿತು. ಎರಡರಲ್ಲಿಯೂ ಹನ್ನೆರಡು ಥ್ರೆಡ್ ಎಂಬ ಮಾತಿನ ಬೆಲೆ ಎಷ್ಟೆಂದು ನನಗೆ ತಿಳಿದದ್ದು ಆಗಲೇ.

ಹಾಗೆಂದು ಲ್ಯಾಪ್‌ಟಾಪ್ ಪ್ರೊಸೆಸರನ್ನು ಕಳಪೆ ಎನ್ನಲು ನಾನು ಸಿದ್ಧನಿಲ್ಲ, ಏಕೆಂದರೆ ಗೋಡೆಯ ಪ್ಲಗ್‌ಗೆ ವ್ಯಾಟ್ ಮೀಟರ್ ಹಾಕಿ ನೋಡಿದಾಗ ಕಂಡ ಲೆಕ್ಕ ಬೇರೆಯೇ ಆಗಿತ್ತು. ಮಾನಿಟರ್ ಬಿಟ್ಟು ಡೆಸ್ಕ್‌ಟಾಪ್ ಕೆಲಸದುದ್ದಕ್ಕೂ 105 ವ್ಯಾಟ್ ಆಸುಪಾಸಿನಲ್ಲಿತ್ತು, ಪರದೆಯೂ ಸೇರಿ ಲ್ಯಾಪ್‌ಟಾಪ್ 33. ಅಷ್ಟೂ ಪುಟಗಳಿಗೆ ಡೆಸ್ಕ್‌ಟಾಪ್ ಬಳಸಿದ್ದು ಸುಮಾರು 100 ವ್ಯಾಟ್-ಗಂಟೆ, ಲ್ಯಾಪ್‌ಟಾಪ್ 60ಕ್ಕಿಂತ ಕಡಿಮೆ. ನಿಧಾನವಾಗಿ ನಡೆದರೂ ಪುಟವೊಂದಕ್ಕೆ ಖರ್ಚು ಮಾಡಿದ ವಿದ್ಯುತ್ತು ಲ್ಯಾಪ್‌ಟಾಪ್‌ನದೇ ಕಡಿಮೆ. ಇದಕ್ಕೆ ಕಾರಣ ಸರಳವಾಗಿದೆ: ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗದ ಜೊತೆಗೂ ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ, ವೇಗ ಹೆಚ್ಚಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ಕೊನೆಯ ಅರ್ಧ ಗಿಗಾಹರ್ಟ್ಜ್‌ಗೆ ತೆರಬೇಕಾದ ಬೆಲೆ ಮೊದಲಿನದಕ್ಕಿಂತ ಬಹಳ ದುಬಾರಿ.

ಲ್ಯಾಪ್‌ಟಾಪ್‌ನ ಐ7 ಎಂಬುದು ಒಂದೇ ವಸ್ತುವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇ ತಲೆಮಾರಿನ ಐ7-12700ಎಚ್‌ನಲ್ಲಿ ದೊಡ್ಡ ಕೋರ್‌ಗಳು ಆರು, ಮೂಲ ಮಿತಿ 45 ವ್ಯಾಟ್. ನನ್ನ ಬಳಿ ಅದಿದ್ದಿದ್ದರೆ ಈ ಬರಹದ ಅಂಕಿಗಳು ಬೇರೆಯಾಗಿರುತ್ತಿದ್ದವು. ಕೊಳ್ಳುವವರು ವಿದ್ಯುತ್ ಮಿತಿಯ ಸುಳಿವು ಕೊಡುವ, ಹೆಸರಿನ ಕೊನೆಯಲ್ಲಿರುವ ಯು, ಪಿ, ಎಚ್ ಎಂಬ ಅಕ್ಷರಗಳನ್ನು ಮೊದಲು ಓದಬೇಕು, 5, 7 ಎಂಬ ಅಂಕಿಯನ್ನು ಆಮೇಲೆ.

ನಮ್ಮೂರಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯದೆ ಈ ಹೋಲಿಕೆ ಮುಗಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಕೋಣೆ ಹತ್ತು ಡಿಗ್ರಿ ಕಾದರೆ ಪ್ರೊಸೆಸರ್‌ನ ತಾಪವೂ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ, ಎರಡೂ ಪ್ರೊಸೆಸರ್‌ಗಳಿಗೆ ಇರುವ ಮಿತಿ 100 ಡಿಗ್ರಿ. ಡಿಸೆಂಬರ್‌ನಲ್ಲಿ 20 ವ್ಯಾಟ್ ಹಿಡಿದಿಟ್ಟುಕೊಂಡಿದ್ದ ಲ್ಯಾಪ್‌ಟಾಪ್ ಮೇ ತಿಂಗಳ ಮಧ್ಯಾಹ್ನ ಮೇಜಿನ ಮೇಲೆ ಮಟ್ಟಸವಾಗಿಟ್ಟಾಗ ಅದನ್ನೂ ಹಿಡಿಯಲಾರದೆ ಹೋಯಿತು. ಹಿಂಭಾಗವನ್ನು ಎರಡು ಬೆರಳಷ್ಟು ಎತ್ತರಿಸಿ ಕೆಳಗೆ ಗಾಳಿಯಾಡುವಂತೆ ಮಾಡಿದ ಮೇಲೆ ಸುಧಾರಿಸಿತು. ವಿದ್ಯುತ್ ಕೈಕೊಟ್ಟಾಗ ಲ್ಯಾಪ್‌ಟಾಪ್‌ಗೆ ಬ್ಯಾಟರಿಯ ಆಸರೆ ಇದೆ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕೇಬೇಕು. ಆ ಖರ್ಚನ್ನು ನಾನು ಬೆಲೆಯಲ್ಲಿಯೇ ಸೇರಿಸಿಕೊಂಡೆ.

ಈ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಗ್ರಂಥಪಾಲಕರ ಮುಂದಿಟ್ಟೆ. ಅವರು ಐದು ನಿಮಿಷ ಓದಿ, "ಹಂಗಾದ್ರ ರಾತ್ರಿ ಹಚ್ಚಿ ಹ್ವಾದ್ರ ಮುಂಜಾನೆಗೆ ಎಷ್ಟು ಪುಸ್ತಕ ಮುಗಿತಾವ್ರಿ?" ಎಂದು ಕೇಳಿದರು. ಎಂಟು ಗಂಟೆಗಳಲ್ಲಿ ಡೆಸ್ಕ್‌ಟಾಪ್‌ನಿಂದ ಹದಿನಾರು ಸಾವಿರ ಪುಟ, ಲ್ಯಾಪ್‌ಟಾಪ್‌ನಿಂದ ಒಂಬತ್ತು ಸಾವಿರ ಎಂದೆ. ಗ್ರಂಥಾಲಯಕ್ಕೆ ಡೆಸ್ಕ್‌ಟಾಪ್ ಬಂತು. ಲ್ಯಾಪ್‌ಟಾಪ್ ಈಗ ಹಳ್ಳಿಗಳಿಗೆ ಹೋಗಿ ಸ್ಕ್ಯಾನ್ ಮಾಡುವಾಗ ಪುಟ ಸರಿಯಾಗಿ ಬಂದಿದೆಯೇ ಎಂದು ಅಲ್ಲಿಯೇ ಓದಿಸಿ ನೋಡುವುದಕ್ಕೆ ನನ್ನ ಜೊತೆಗಿರುತ್ತದೆ.

ಲ್ಯಾಪ್‌ಟಾಪ್ ಕಲಿಸಿದ ಲೆಕ್ಕವನ್ನು ಹೊಸ ಡೆಸ್ಕ್‌ಟಾಪ್‌ಗೂ ಅನ್ವಯಿಸಿ ನೋಡಿದೆ. ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಹೊಂದಾಣಿಕೆಗಳ ಪರದೆಯಲ್ಲಿ) ಪ್ರೊಸೆಸರ್‌ನ ದೀರ್ಘಾವಧಿಯ ಮಿತಿಯನ್ನು 45 ವ್ಯಾಟ್‌ಗೆ ಇಳಿಸಿದಾಗ ಆ ಎರಡು ಸಾವಿರ ಪುಟಗಳಿಗೆ ಏಳೆಂಟು ನಿಮಿಷ ಹೆಚ್ಚು ಹಿಡಿಯಿತು, ಗೋಡೆಯ ಮೀಟರ್ ಮಾತ್ರ 105ರಿಂದ 75ರ ಹತ್ತಿರಕ್ಕೆ ಬಂತು. ಬೇಸಿಗೆಯಲ್ಲಿ ಅದನ್ನು ಹಾಗೆಯೇ ಓಡಿಸುತ್ತೇವೆ. ರಾತ್ರಿ ವಿದ್ಯುತ್ ಹೋದರೂ ಯುಪಿಎಸ್ ಮೊದಲಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ, ಬೆಳಿಗ್ಗೆ ಗ್ರಂಥಪಾಲಕರು ಬಾಗಿಲು ತೆರೆಯುವ ಹೊತ್ತಿಗೆ ಪುಟಗಳೆಲ್ಲ ಮುಗಿದಿರುತ್ತವೆ.