ಮೀನಿಗೆ ಮಣಿಸರ ಕಟ್ಟಿದ್ದು

ಜನವರಿಯ ಒಂದು ಭಾನುವಾರ. ಹೊರಗೆ ಹಿಮ ಬಿದ್ದು ಕಾರು ತೆಗೆಯೋಕೂ ಆಗದ ಸ್ಥಿತಿ. ನಾನು ಊಟದ ಮೇಜಿನ ಮೇಲೆ ಮಣಿ, ನೈಲಾನ್ ದಾರ, ಸಣ್ಣ ಸಣ್ಣ ತಗಡಿನ ಎಲೆ ಎಲ್ಲ ಹರಡಿಕೊಂಡು ಕೂತಿದ್ದೆ. ಊರಿಂದ ಅಪ್ಪನ ವಿಡಿಯೋ ಕಾಲ್ ಬಂತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಏನೋ ಅದು, ಮಗಳಿಗೆ ಸರ ಮಾಡ್ತಿದೀಯಾ?" ಅಂದರು. ಗಾಳ ಕಟ್ತಿದೀನಿ ಅಂದೆ. "ಗಾಳಕ್ಕೆ ಮಣಿ ಯಾಕೋ ಮಾರಾಯ, ಮೀನಿಗೇನು ಮದುವೆಯಾ?"

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾವು ತೀರ್ಥಹಳ್ಳಿ ಕಡೆಯವರು. ತುಂಗೆಯಲ್ಲಿ ಗಾಳ ಹಾಕೋಕೆ ಒಂದು ಬಿದಿರು ಕೋಲು, ತಂಗೂಸಿ ದಾರ, ಒಂದು ಬೆಂಡು, ಒಂದು ಕೊಕ್ಕೆ, ಗೊಬ್ಬರದ ಗುಂಡಿಯಿಂದ ಕೆದಕಿ ತಂದ ಎರೆಹುಳು ಇದ್ದರೆ ಮುಗೀತು. ಆದರೆ ನಾನೀಗ ಇರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಮೀನು ಅಂದರೆ ಮೊದಲು ವಾಲ್‌ಐ, ಆಮೇಲೆ ಉಳಿದದ್ದು. 1965ರಲ್ಲಿ ಅದನ್ನು ರಾಜ್ಯದ ಮೀನು ಅಂತಲೇ ಘೋಷಿಸಿದ್ದಾರೆ. ಮುಳ್ಳು ಕಮ್ಮಿ, ಬಿಳಿ ಮಾಂಸ, ಮಸಾಲೆ ಹಚ್ಚಿ ರವೆಯಲ್ಲಿ ಹೊರಳಿಸಿ ಹುರಿದರೆ ನಮ್ಮ ಕಾಣೆ ಮೀನಿನ ನೆನಪಾಗುತ್ತದೆ. ಕಣ್ಣು ಮಾತ್ರ ವಿಚಿತ್ರ. ಬೆಳಕು ಬಿದ್ದರೆ ಬೆಕ್ಕಿನ ಕಣ್ಣಿನ ಹಾಗೆ ಹೊಳೆಯುತ್ತದೆ, ಮಬ್ಬು ಬೆಳಕಿನಲ್ಲೇ ಚೆನ್ನಾಗಿ ಬೇಟೆಯಾಡುತ್ತದೆ.

ಈ ಮೀನಿಗೆ ಬೇಸಿಗೆಯಲ್ಲಿ ಹಾಕುವ ಗಾಳವೇ ಸ್ಪಿನ್ನರ್ ರಿಗ್. ಮೂರರಿಂದ ಆರು ಅಡಿ ದಾರ. ಒಂದು ತುದಿಯಲ್ಲಿ ಹಿಂದೆ ಮುಂದೆ ಎರಡು ಕೊಕ್ಕೆ, ಅವುಗಳ ಮೇಲೆ ಐದಾರು ಮಣಿ, ಮಣಿಗಳ ಮೇಲೆ ಕ್ಲೆವಿಸ್ ಅನ್ನೋ ಪುಟ್ಟ ಕೊಂಡಿ, ಆ ಕೊಂಡಿಗೆ ಸಿಕ್ಕಿಸಿದ ಲೋಹದ ಬ್ಲೇಡ್. ಕೊಕ್ಕೆಗಳಿಗೆ ನೈಟ್‌ಕ್ರಾಲರ್ ಅನ್ನೋ ದಪ್ಪ ಎರೆಹುಳುವನ್ನು ಉದ್ದಕ್ಕೆ ಚುಚ್ಚಬೇಕು. ಮುಂದೆ ಬಾಟಮ್ ಬೌನ್ಸರ್ ಅನ್ನೋ ತಂತಿಯ ಭಾರ ಕಟ್ಟಿ, ದೋಣಿಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋಗಬೇಕು. ಬ್ಲೇಡ್ ಗಿರ್ರನೆ ತಿರುಗುತ್ತಾ ನೀರಲ್ಲಿ ಕಂಪನ ಎಬ್ಬಿಸುತ್ತದೆ, ಅದನ್ನು ಹುಡುಕಿಕೊಂಡು ಬಂದ ಮೀನಿಗೆ ಹುಳು ಸಿಗುತ್ತದೆ.

ಮೊದಲ ವರ್ಷ ನಾನು ಮಾಡಿದ ತಪ್ಪನ್ನು ಹೊಸಬರು ಎಲ್ಲರೂ ಮಾಡುತ್ತಾರೆ ಅಂತ ಕಾಣುತ್ತದೆ. ಅಂಗಡಿಗೆ ಹೋಗಿ ಬಣ್ಣ ನೋಡಿ ಬ್ಲೇಡ್ ತಗೊಂಡೆ. ಬಂಗಾರದ್ದು, ಬೆಳ್ಳಿಯದು, ಕಿತ್ತಳೆ, ಗಿಳಿಹಸಿರು, ಗುಲಾಬಿಗೆ ಚುಕ್ಕೆ ಇಟ್ಟದ್ದು, ಸುತ್ತಿಗೆಯಿಂದ ಬಡಿದ ಹಾಗೆ ಗುಳಿ ಬಿದ್ದದ್ದು. ಮೂವತ್ತು ನಲವತ್ತು ಬ್ಲೇಡ್ ಆಯ್ತು. ಉಳಿದ ಸಣ್ಣ ಸಾಮಾನೆಲ್ಲ ಎಲ್ಲಿ ಕಮ್ಮಿಗೆ ಸಿಕ್ಕಿತೋ ಅಲ್ಲಿಂದ ತಂದೆ. ಮಣಿಯನ್ನಂತೂ ದುಡ್ಡು ಕೊಟ್ಟು ತರಲೇ ಇಲ್ಲ, ಮಗಳ ಕರಕುಶಲ ಡಬ್ಬಿಯಿಂದ ಕದ್ದೆ.

ಜುಲೈಯಲ್ಲಿ ಮಿಲ್ ಲ್ಯಾಕ್ಸ್ ಕೆರೆಗೆ ಹೋದೆ. ಕೆರೆ ಅಂತ ಕರೆಯೋದು ಅಷ್ಟೇ, 1,30,000 ಎಕರೆ ಮೀರಿದೆ, ಆಚೆ ದಡ ಕಾಣಿಸೋದಿಲ್ಲ. ಆಳ ಮಾತ್ರ ಎಲ್ಲೂ ಜಾಸ್ತಿ ಇಲ್ಲ. ನಡುವೆ ನೀರಿನಡಿಯಲ್ಲಿ ಅಗಲವಾದ ಕೆಸರಿನ ದಿಬ್ಬಗಳಿವೆ, ಬೇಸಿಗೆಯಲ್ಲಿ ವಾಲ್‌ಐ ಅಲ್ಲಿ ಸೇರುತ್ತವೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಳೆದೆ. ಒಂದೇ ಒಂದು ಕಚ್ಚಲಿಲ್ಲ. ಬಣ್ಣ ಬದಲಿಸಿದೆ, ಮತ್ತೆ ಬದಲಿಸಿದೆ. ಪಕ್ಕದಲ್ಲಿ ಹಳೇ ಅಲ್ಯೂಮಿನಿಯಂ ದೋಣಿಯಲ್ಲಿ ಒಬ್ಬ ಅಜ್ಜ ಒಂದೇ ಬಣ್ಣದಲ್ಲಿ ಮೀನು ಎತ್ತುತ್ತಾ ಇದ್ದರು. ಸಂಜೆ ದೋಣಿ ದಡಕ್ಕೆ ಎಳೆಯುವಾಗ ಅವರೇ ಕೇಳಿದರು, "ನಿನ್ನ ಬ್ಲೇಡ್ ತಿರುಗ್ತಾ ಇತ್ತಾ?" ನಾನು ಹೌದು ಅಂದೆ. "ನೋಡಿದ್ದೀಯಾ?"

ನೋಡಿರಲಿಲ್ಲ. ಬ್ಲೇಡ್ ಅಂದಮೇಲೆ ತಿರುಗುತ್ತೆ ಅಂದುಕೊಂಡಿದ್ದೆ, ಅಷ್ಟೇ. ಮಾರನೇ ದಿನ ನೀರಿಗೆ ಇಳಿಸೋ ಮುಂಚೆ ದೋಣಿಯ ಪಕ್ಕದಲ್ಲೇ ಒಂದಡಿ ಆಳದಲ್ಲಿ ಹಿಡಿದು, ಗಂಟೆಗೆ ಒಂದು ಮೈಲಿ ವೇಗದಲ್ಲಿ ನೋಡಿದೆ. ಬ್ಲೇಡ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು, ಮತ್ತೆ ಒಂದು ಕುಲುಕು, ಮತ್ತೆ ನಿಲ್ಲುತ್ತಿತ್ತು. ಹಿಂದಿನ ದಿನ ಪೂರ್ತಿ ನಾನು ಎಳೆದದ್ದು ಬಣ್ಣದ ತಗಡನ್ನು.

ಕಾರಣ ಬ್ಲೇಡ್ ಅಲ್ಲ, ಮಗಳ ಮಣಿ. ಕರಕುಶಲದ ಮಣಿಗೆ ತೂತು ದೊಡ್ಡದು. ಎಳೆಯುವಾಗ ಕ್ಲೆವಿಸಿನ ಕೆಳಗಿನ ತುದಿ ಹೋಗಿ ಆ ತೂತಿನೊಳಗೆ ಕೂತುಬಿಡುತ್ತಿತ್ತು. ಮಣಿ ಅಲ್ಲಿರೋದು ಚಂದಕ್ಕೆ ಮಾತ್ರ ಅಲ್ಲ, ಅದು ಬೇರಿಂಗ್ ಥರ ಕೆಲಸ ಮಾಡಬೇಕು ಅಂತ ಆಗ ಹೊಳೆಯಿತು. ಕ್ಲೆವಿಸ್ ಒರಗುವ ಮೊದಲ ಮಣಿ ಗುಂಡಗಿರಬೇಕು, ನುಣ್ಣಗಿರಬೇಕು, ತೂತು ದಾರ ಹಿಡಿಯುವಷ್ಟೇ ಇರಬೇಕು. ಈಗ ನಾನು ಗಾಳಕ್ಕೆ ಅಂತಲೇ ಮಾರುವ ಪ್ಲಾಸ್ಟಿಕ್ ಮಣಿ ಹಾಕುತ್ತೇನೆ, 5 ಅಥವಾ 6 ಮಿಲಿಮೀಟರಿನದು. ಗಾಜಿನದು ನೋಡೋಕೆ ಚೆನ್ನ, ಆದರೆ ಕೆಲವದರ ತೂತಿನ ಅಂಚು ಹರಿತವಾಗಿದ್ದು ದಾರ ಸವೆಸುತ್ತದೆ, ನಾನು ಬಿಟ್ಟೆ.

ಮಣಿಗೆ ಇನ್ನೊಂದು ಕೆಲಸ ಇದೆ, ಬ್ಲೇಡನ್ನು ಕೊಕ್ಕೆಯಿಂದ ದೂರ ಇಡೋದು. ಎಷ್ಟು ಮಣಿ ಬೇಕು ಅಂದರೆ ಎಲ್ಲರೂ ಐದು ಅನ್ನುತ್ತಾರೆ. ಎಣಿಸೋದಕ್ಕಿಂತ ಅಳೆಯೋದು ವಾಸಿ. ರಿಗ್ಗನ್ನು ಕೊಕ್ಕೆ ಕೆಳಗೆ ಬರುವ ಹಾಗೆ ನೇತುಹಾಕಿ, ಬ್ಲೇಡನ್ನು ದಾರಕ್ಕೆ ಒತ್ತಿ ನೋಡಿ. ಬ್ಲೇಡಿನ ತುದಿ ಮುಂದಿನ ಕೊಕ್ಕೆಯ ಕಣ್ಣಿಗೆ ತಾಗಿದರೆ ಇನ್ನೊಂದು ಮಣಿ ಏರಿಸಿ. ನನ್ನ 4ನೇ ನಂಬರ್ ಬ್ಲೇಡಿಗೆ 6 ಮಿಲಿಮೀಟರಿನ ಐದು ಸಾಕು, 5ನೇ ನಂಬರಿಗೆ ಆರು ಬೇಕೇ ಬೇಕು. ತೀರಾ ಜಾಸ್ತಿಯೂ ಬೇಡ, ಬ್ಲೇಡು ಹುಳುವಿನಿಂದ ತುಂಬ ಮುಂದೆ ಹೋಗಿಬಿಡುತ್ತದೆ.

ಈಗ ಕ್ಲೆವಿಸ್. ಇದೊಂದು ಚಿಲ್ಲರೆ ವಸ್ತು, ಬೆರಳಿಂದ ಜಾರಿದರೆ ಕಾರ್ಪೆಟ್ಟಿನಲ್ಲಿ ಮತ್ತೆ ಸಿಗೋದಿಲ್ಲ, ಆದರೆ ನನಗೆ ಅತಿ ದೊಡ್ಡ ಮೀನು ತಪ್ಪಿಸಿದ್ದು ಇದೇ. ತಗಡು ಮಡಚಿ ಮಾಡಿದ ಕಮ್ಮಿ ಬೆಲೆಯ ಕ್ಲೆವಿಸ್, ಯಾರದು ಅಂತ ಹೇಳೋದಿಲ್ಲ, ನೂರರ ಪೊಟ್ಟಣ ತಂದಿದ್ದೆ. ಎರಡನೇ ವರ್ಷ ಆಗಸ್ಟಿನಲ್ಲಿ ಭಾರಿ ಮೀನೊಂದು ಹಿಡಿಯಿತು. ರಾಡ್ ಬಾಗಿದ್ದು ನೋಡಿಯೇ ಗೊತ್ತಾಯ್ತು, ಹೆಂಡತಿ ಬಲೆ ಹಿಡಿದು ನಿಂತಳು, ಮೀನು ಮೇಲೆ ಬಂದು ಬಿಳಿ ಹೊಟ್ಟೆ ಒಂದು ಸಲ ತೋರಿಸಿತು, ಆಮೇಲೆ ಏನೂ ಇಲ್ಲ. ದಾರ ಎಳೆದು ನೋಡಿದರೆ ಕ್ಲೆವಿಸ್ ಓಡಾಡುವ ಜಾಗದಲ್ಲೇ ತುಂಡಾಗಿತ್ತು. ಬಾಲವಿಲ್ಲದ ಆ ದಾರವನ್ನು ಬೆಳಕಿಗೆ ಹಿಡಿದರೆ ಒಂದಿಂಚು ಉದ್ದಕ್ಕೆ ಗೀರು ಗೀರು. ಮನೆಗೆ ಬಂದು ಪೊಟ್ಟಣದ ಕ್ಲೆವಿಸ್‌ಗಳ ತೂತಿಗೆ ಒಂದು ತುಂಡು ದಾರ ಪೋಣಿಸಿ ಹಿಂದೆ ಮುಂದೆ ಉಜ್ಜಿದೆ. ಹತ್ತರಲ್ಲಿ ಮೂರು ದಾರವನ್ನು ಕೆರೆಯುತ್ತಿದ್ದವು. ಪೊಟ್ಟಣ ಕಸಕ್ಕೆ ಹೋಯಿತು. ಹೆಂಡತಿ ಈಗಲೂ ಆ ಮೀನನ್ನು "ನಿನ್ನ ಎರಡು ಪೈಸೆ ಮೀನು" ಅನ್ನುತ್ತಾಳೆ.

ಅದಾದಮೇಲೆ ಪ್ಲಾಸ್ಟಿಕ್ಕಿನ ಕ್ವಿಕ್ ಚೇಂಜ್ ಕ್ಲೆವಿಸಿಗೆ ಬಂದೆ. ಗಂಟು ಬಿಚ್ಚದೆ ಬ್ಲೇಡ್ ಬದಲಿಸಬಹುದು, ದಾರಕ್ಕೆ ಪೆಟ್ಟಿಲ್ಲ, ನಿಧಾನ ವೇಗದಲ್ಲೂ ಸಲೀಸಾಗಿ ತಿರುಗುತ್ತದೆ. ತೊಂದರೆ ಒಂದೇ, ನೀರ್ಗಿಡದೊಳಗೆ ಎಳೆದರೆ ಬ್ಲೇಡ್ ಕಳಚಿ ಹೋಗುತ್ತದೆ. ಗಿಡ ಇರುವ ಕಡೆಗೆ ಅಂತ ಲೋಹದ ಕ್ಲೆವಿಸ್ ಹಾಕಿದ ಐದಾರು ರಿಗ್ ಬೇರೆ ಇಟ್ಟಿದ್ದೇನೆ, ಆದರೆ ಒಂದೊಂದನ್ನೂ ದಾರ ಉಜ್ಜಿ ನೋಡಿಯೇ ಕಟ್ಟಿದ್ದು. ಇನ್ನೊಂದು ಮಾತು, ಬ್ಲೇಡಿನ ತಗ್ಗಿನ ಬದಿ ದಾರದ ಕಡೆಗೆ ಇರಬೇಕು. ಉಲ್ಟಾ ಸಿಕ್ಕಿಸಿದವನು ನಾನೊಬ್ಬನೇ ಅಲ್ಲ ಅಂತ ನಂಬಿದ್ದೇನೆ.

ಬ್ಲೇಡಿನ ಆಕಾರಕ್ಕೆ ಬಂದರೆ ಮುಖ್ಯವಾಗಿ ಮೂರು. ಕೊಲೊರಾಡೊ ದುಂಡಗೆ, ದಾರದಿಂದ ಅಗಲವಾಗಿ ಹರಡಿ ತಿರುಗುತ್ತದೆ, ದಪ್ಪ ಕಂಪನ, ನಿಧಾನಕ್ಕೆ ಹೋದರೂ ನಿಲ್ಲೋದಿಲ್ಲ. ವಿಲ್ಲೋ ಎಲೆಯ ಹಾಗೆ ಉದ್ದಕ್ಕೆ ಚೂಪಗೆ, ದಾರಕ್ಕೆ ಅಂಟಿಕೊಂಡ ಹಾಗೆ ತಿರುಗುತ್ತದೆ, ವೇಗ ಬೇಕು, ಕಂಪನಕ್ಕಿಂತ ಮಿಂಚು ಜಾಸ್ತಿ. ಇಂಡಿಯಾನಾ ಇವೆರಡರ ನಡುವಿನದು. ನಾನು ಗಂಟೆಗೆ 1ರಿಂದ 1.2 ಮೈಲಿಯಲ್ಲಿ ಹೋಗುವವನು, ಹಾಗಾಗಿ ನನ್ನ ಡಬ್ಬಿಯಲ್ಲಿ ಮುಕ್ಕಾಲು ಪಾಲು ಕೊಲೊರಾಡೊ ಮತ್ತು ಇಂಡಿಯಾನಾ, 3ರಿಂದ 5ನೇ ನಂಬರಿನವರೆಗೆ. ಗಾಳಿ ಎದ್ದು ದೋಣಿ ಒಂದೂವರೆ ಮೈಲಿ ದಾಟಿ ಓಡತೊಡಗಿದರೆ ಮಾತ್ರ ವಿಲ್ಲೋ ತೆಗೆಯುತ್ತೇನೆ. ಜೂನ್ ಮಧ್ಯದವರೆಗೆ ಇದ್ಯಾವುದನ್ನೂ ಮುಟ್ಟೋದಿಲ್ಲ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟೋವರೆಗೆ ಮೀನಿಗೇ ಅಟ್ಟಿಸಿಕೊಂಡು ಬರುವ ಹುರುಪಿರೋದಿಲ್ಲ.

ಬಣ್ಣದ ಬಗ್ಗೆ ಈಗ ನನಗೆ ಅಷ್ಟು ತಲೆಬಿಸಿ ಇಲ್ಲ. ಮಿಲ್ ಲ್ಯಾಕ್ಸಿಗೆ ಜೀಬ್ರಾ ಚಿಪ್ಪು ಅನ್ನೋ ನೀರು ಸೋಸುವ ಸಣ್ಣ ಚಿಪ್ಪುಜೀವಿ ಸೇರಿಕೊಂಡು ನೀರು ತಿಳಿಯಾಗಿದೆ, ಅಲ್ಲಿ ಬೆಳ್ಳಿ ಅಥವಾ ಬಿಳಿಯ ಸಣ್ಣ ಬ್ಲೇಡ್ ಹಾಕುತ್ತೇನೆ. ಕೆನಡಾ ಗಡಿಯ ಲೇಕ್ ಆಫ್ ದಿ ವುಡ್ಸ್‌ಗೆ ಹೋದರೆ ನೀರು ಚಹಾದ ಬಣ್ಣಕ್ಕಿದೆ, ಅಲ್ಲಿ ಬಂಗಾರ ಅಥವಾ ಕಿತ್ತಳೆ, ಒಂದು ಸೈಜ್ ದೊಡ್ಡದು. ಹಸಿರು, ಕಿತ್ತಳೆ ಈ ಮೀನಿನ ಕಣ್ಣಿಗೆ ಚೆನ್ನಾಗಿ ಬೀಳುವ ಬಣ್ಣಗಳು. ನಲವತ್ತು ಬ್ಲೇಡಿನಲ್ಲಿ ಈಗ ಬಳಸೋದು ಎಂಟೋ ಹತ್ತೋ. ಉಳಿದದ್ದನ್ನು ಮಗಳು ಕಿವಿಯೋಲೆ ಮಾಡಿಕೊಂಡಿದ್ದಾಳೆ, ನಾನು ಕದ್ದ ಮಣಿಗೆ ಲೆಕ್ಕ ಚುಕ್ತಾ.

ಕೊಕ್ಕೆಗೆ ಜಾಸ್ತಿ ಹೇಳೋದಿಲ್ಲ. ಆಕ್ಟೋಪಸ್ ಅಂತ ಕರೆಯುವ ಗಿಡ್ಡ ಕಾಲಿನದು, ಎರೆಹುಳುವಿಗೆ 4ನೇ ನಂಬರ್, ದಪ್ಪ ಹುಳುವಾದರೆ ಮುಂದಿನದು 2. ಇಲ್ಲಿ ನಂಬರ್ ಕಮ್ಮಿ ಆದಷ್ಟೂ ಕೊಕ್ಕೆ ದೊಡ್ಡದು, ಬ್ಲೇಡಿನಲ್ಲಿ ಅದರ ಉಲ್ಟಾ, ಮೊದಮೊದಲು ಗೊಂದಲ ಆಗುತ್ತದೆ. ಎರಡು ಕೊಕ್ಕೆಗಳ ನಡುವಿನ ಅಂತರ ಮಾತ್ರ ಮುಖ್ಯ, ನನ್ನದು ಸುಮಾರು ಮೂರೂವರೆ ಇಂಚು. ಕಟ್ಟೋದು ಸ್ನೆಲ್ ಗಂಟಿನಲ್ಲಿ, ದಾರ ಕೊಕ್ಕೆಯ ಕಾಲಿಗೇ ಸುತ್ತಿಕೊಳ್ಳುತ್ತದೆ, ಎಳೆತ ನೇರ ಬರುತ್ತದೆ. ಹುಳುವಿನ ಮೂಗಿಗೆ ಮುಂದಿನ ಕೊಕ್ಕೆ, ಹೊಟ್ಟೆಗೆ ಹಿಂದಿನದು, ಹುಳು ಬಾಗಿ ಕೂರಬಾರದು. ಬಾಗಿದರೆ ಬ್ಲೇಡ್ ಬದಲು ಹುಳುವೇ ಗಿರಗಿರ ತಿರುಗುತ್ತದೆ, ಮೇಲಿನ ದಾರವೆಲ್ಲ ಹುರಿಗೊಂಡು ಹಾಳು.

ಆ ಹುರಿ ತಪ್ಪಿಸೋಕೆ ಸ್ವಿವೆಲ್, ಅಂದರೆ ಎರಡೂ ತುದಿ ಬೇರೆ ಬೇರೆಯಾಗಿ ತಿರುಗುವ ಪುಟ್ಟ ಲೋಹದ ಜೋಡಣೆ. ಇಲ್ಲೂ ನಾನು ಮೊದಲು ಜಿಪುಣತನ ಮಾಡಿದೆ. ಮಾಮೂಲಿ ಬ್ಯಾರೆಲ್ ಸ್ವಿವೆಲ್ ಕೈಯಲ್ಲಿ ತಿರುಗಿಸಿದರೆ ಚೆನ್ನಾಗಿಯೇ ತಿರುಗುತ್ತದೆ, ಎಳೆತ ಬಿದ್ದಾಗ ಬಿಗಿದುಕೊಳ್ಳುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು: ಒಂದು ಕಡೆ ಬಾಗಿಲ ಹಿಡಿಗೆ ಕಟ್ಟಿ, ಇನ್ನೊಂದು ಕಡೆ ಬಿಗಿಯಾಗಿ ಎಳೆದು ಹಿಡಿದು ದಾರವನ್ನು ಬೆರಳಲ್ಲಿ ಹೊಸೆಯಿರಿ. ಬಾಲ್ ಬೇರಿಂಗ್ ಇರೋದು ತಿರುಗುತ್ತದೆ, ಇನ್ನೊಂದು ತಿರುಗೋದಿಲ್ಲ. ರಿಗ್ಗಿಗೆಲ್ಲ ಒಂದೊಂದು ಹಾಕಿದರೆ ಖರ್ಚು ಜಾಸ್ತಿ, ಅದಕ್ಕೇ ರಿಗ್ಗಿನ ತುದಿಗೆ ಬರೀ ಕುಣಿಕೆ ಹಾಕಿ, ಒಳ್ಳೆಯ ಸ್ವಿವೆಲ್ಲನ್ನು ಕೊಂಡಿ ಸಮೇತ ಬೌನ್ಸರಿನ ಕಡೆಗೇ ಕಟ್ಟಿಟ್ಟಿದ್ದೇನೆ. ರಿಗ್ ಬದಲಾಗುತ್ತೆ, ಸ್ವಿವೆಲ್ ಅಲ್ಲೇ ಇರುತ್ತೆ.

ದಾರ 14 ಪೌಂಡಿನದು, ಅಂದರೆ ಅಷ್ಟು ಭಾರದ ಎಳೆತ ತಡೆಯುವಂಥದ್ದು. ತಿಳಿನೀರಲ್ಲಿ ಕಲ್ಲು, ಚಿಪ್ಪು ಇದ್ದರೆ ಸುಲಭಕ್ಕೆ ಸವೆಯದ ಫ್ಲೋರೋಕಾರ್ಬನ್ ದಾರ, ಇಲ್ಲವಾದರೆ ಮೋನೊ ಅನ್ನೋ ಮಾಮೂಲಿ ನೈಲಾನ್ ದಾರ. ನಾರ್ದರ್ನ್ ಪೈಕ್ ಅನ್ನೋ ಹಲ್ಲಿನ ಮೀನು ಬಂದರೆ ಯಾವುದಾದರೂ ಒಂದೇ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬ್ಲೇಡ್ ಸಮೇತ ತಗೊಂಡು ಹೋಗುತ್ತದೆ. ಬೌನ್ಸರಿನ ಭಾರಕ್ಕೆ ಇಲ್ಲಿಯವರ ಲೆಕ್ಕ ಹತ್ತಡಿ ಆಳಕ್ಕೆ ಒಂದು ಔನ್ಸ್. ದಾರ ನೀರಿಗೆ 45 ಡಿಗ್ರಿ ಓರೆಯಲ್ಲಿ ಇಳಿದಿರಬೇಕು. ತೀರಾ ಹಿಂದಕ್ಕೆ ವಾಲಿದ್ದರೆ ಭಾರ ಸಾಲದು, ನೆಟ್ಟಗೆ ನಿಂತಿದ್ದರೆ ಭಾರ ಜಾಸ್ತಿ. ಸಣ್ಣ ಸೀಸದ ಗುಂಡುಗಳನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಲೂನ್ ಅನ್ನೋ ಹಕ್ಕಿ, ಇಲ್ಲಿಯ ರಾಜ್ಯಪಕ್ಷಿ, ತಳದ ಬೆಣಚುಕಲ್ಲು ನುಂಗುವಾಗ ಸೀಸವನ್ನೂ ನುಂಗಿ ಸಾಯುತ್ತದೆ. ರಾತ್ರಿ ಕೆರೆಯ ಮೇಲೆ ಅದು ಕೂಗೋದನ್ನು ಒಂದು ಸಲ ಕೇಳಿದರೆ ಸೀಸ ಕೊಳ್ಳೋಕೆ ಮನಸ್ಸು ಬರೋದಿಲ್ಲ.

ಕಟ್ಟಿದ ರಿಗ್ ಇಡೋಕೆ ಈಜುಕೊಳದ ಫೋಮ್ ಕೊಳವೆಯನ್ನು ಗೇಣುದ್ದ ಕೊಯ್ದು, ಕೊಕ್ಕೆ ಚುಚ್ಚಿ ಸುತ್ತಿಡುತ್ತೇನೆ. ಸಿಕ್ಕು ಬೀಳೋದಿಲ್ಲ. ಆ ಜನವರಿಯಲ್ಲಿ ಇಪ್ಪತ್ತೆರಡು ಕಟ್ಟಿದೆ, ಎಲ್ಲವನ್ನೂ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿಸಿ ಎಳೆದು ನೋಡಿದೆ, ಎರಡು ತಿರುಗಲಿಲ್ಲ, ಕತ್ತರಿಸಿ ಮತ್ತೆ ಕಟ್ಟಿದೆ.

ಜುಲೈಯಲ್ಲಿ ಅಪ್ಪ ಬಂದಿದ್ದರು. ಅವರಿಗೂ ಲೈಸೆನ್ಸ್ ಮಾಡಿಸಿ ಮಿಲ್ ಲ್ಯಾಕ್ಸಿಗೆ ಕರೆದುಕೊಂಡು ಹೋದೆ. 22 ಅಡಿ ಆಳ, ಎರಡು ಔನ್ಸಿನ ಬೌನ್ಸರ್, ಬೆಳ್ಳಿ ಬಣ್ಣದ 4ನೇ ನಂಬರ್ ಇಂಡಿಯಾನಾ. ನೀರಿಗೆ ಇಳಿಸೋ ಮುಂಚೆ ದೋಣಿಯ ಪಕ್ಕ ಹಿಡಿದು ತಿರುಗೋದನ್ನು ತೋರಿಸಿದೆ. ಬಗ್ಗಿ ಸುಮಾರು ಹೊತ್ತು ನೋಡಿದರು. ಅರ್ಧ ಗಂಟೆಯಲ್ಲಿ ಹದಿನೇಳು ಇಂಚಿನದೊಂದು ಬಂತು. ಬಾಯಿಂದ ಕೊಕ್ಕೆ ಬಿಡಿಸಿ ಬ್ಲೇಡನ್ನು ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು.

"ತುಂಗೆಗೆ ಒಂದು ನಾಲ್ಕು ಕಟ್ಟಿಕೊಡೋ," ಅಂದರು. "ಮಣಿ ಸ್ವಲ್ಪ ಕಮ್ಮಿ ಹಾಕು."