ಕೆನ್ನೆಯಲ್ಲಿ ಕರೆಂಟು ಹೊಡೆಯುವ ನರದ ನೋವು: ಹಲ್ಲು ಕೀಳಿಸುವ ಮೊದಲು

"ಕೆನ್ನೆಯೊಳಗೆ ಕರೆಂಟ್ ಹೊಡೆದಂಗಾಗುತ್ತೆ" ಎಂದುಕೊಂಡು ನರರೋಗ ವಿಭಾಗಕ್ಕೆ ಬರುವವರಲ್ಲಿ ಹಲವರ ಬಾಯಲ್ಲಿ ಅಷ್ಟು ಹೊತ್ತಿಗೆ ಒಂದೆರಡು ಹಲ್ಲು ಇರುವುದಿಲ್ಲ. ದವಡೆ ಹಲ್ಲು ಕೀಳಿಸಿದರು, ನೋವು ಹೋಗಲಿಲ್ಲ. ಪಕ್ಕದ್ದನ್ನೂ ಕೀಳಿಸಿದರು, ಆಗಲೂ ಹೋಗಲಿಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿಗೆ ಹಲ್ಲು ಮೊದಲೇ ಕಂದಾಗಿರುವುದರಿಂದ ಅನುಮಾನ ಸುಲಭವಾಗಿ ಹಲ್ಲಿನ ಮೇಲೇ ಹೋಗುತ್ತದೆ. ಆ ಕಂದು ಬಣ್ಣಕ್ಕೂ ಈ ನೋವಿಗೂ ಸಂಬಂಧವಿಲ್ಲ.

ಹಲ್ಲುನೋವು ಗಂಟೆಗಟ್ಟಲೆ ಜಿಗಿಜಿಗಿ ಎಂದು ಎಳೆಯುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ, ಆ ಹಲ್ಲನ್ನು ತಟ್ಟಿದರೆ ನೋಯುತ್ತದೆ. ನರದ ನೋವು ಚುಳ್ಳೆಂದು ಹೊಡೆದು ಕೆಲವು ಸೆಕೆಂಡಿನಲ್ಲಿ, ಹೆಚ್ಚೆಂದರೆ ಎರಡು ನಿಮಿಷದಲ್ಲಿ, ಬಿಟ್ಟುಬಿಡುತ್ತದೆ. ಆಮೇಲೆ ಮತ್ತೊಂದು ಹೊಡೆತ. ದಿನಕ್ಕೆ ನಾಲ್ಕೂ ಆಗಬಹುದು, ನೂರೂ ಆಗಬಹುದು. ಮುಖದ ಒಂದೇ ಬದಿ. ಎಲ್ಲಕ್ಕಿಂತ ಒಳ್ಳೆಯ ಗುರುತೆಂದರೆ, ಗಟ್ಟಿಯಾಗಿ ಒತ್ತಿದರೆ ಏನೂ ಆಗದ ಜಾಗ ಹಗುರವಾಗಿ ಸೋಕಿದರೆ ಸಿಡಿಯುತ್ತದೆ. ಮುಖ ತೊಳೆಯುವುದು, ಹಲ್ಲುಜ್ಜುವುದು, ಶೇವಿಂಗ್, ಅಗಿಯುವುದು, ಮಾತಾಡುವುದು, ತಣ್ಣನೆಯ ಗಾಳಿ, ಇಷ್ಟೇ ಸಾಕು.

ಇದು ಟ್ರೈಜೆಮಿನಲ್ ನರದ ನೋವು. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದಾದ ಈ ನರಕ್ಕೆ ಮೂರು ಕವಲು: ಒಂದು ಹಣೆ ಮತ್ತು ಕಣ್ಣಿಗೆ, ಒಂದು ಕೆನ್ನೆ ಮತ್ತು ಮೇಲ್ದವಡೆಗೆ, ಒಂದು ಕೆಳದವಡೆಗೆ. ಕೆಳಗಿನ ಎರಡರಲ್ಲೇ ತೊಂದರೆ ಜಾಸ್ತಿ, ಅದಕ್ಕೇ ಹಲ್ಲಿನ ಭ್ರಮೆ. ಬಹಳಷ್ಟು ಜನರಲ್ಲಿ ಮಿದುಳುಕಾಂಡದ ಹತ್ತಿರ ಒಂದು ರಕ್ತನಾಳ ನರದ ಬುಡಕ್ಕೆ ಒತ್ತಿಕೊಂಡಿರುತ್ತದೆ. ಅದು ಮಿಡಿದು ಮಿಡಿದು ನರದ ಹೊದಿಕೆ ಸವೆಯುತ್ತದೆ, ವೈರಿನ ಇನ್ಸುಲೇಷನ್ ಕಿತ್ತುಹೋದ ಹಾಗೆ. ಆಮೇಲೆ ಬೆರಳು ಸೋಕಿದ ಸುದ್ದಿಯೂ ನೋವಿನ ಎಳೆಗೆ ಶಾರ್ಟ್ ಆಗುತ್ತದೆ. 50 ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೆಚ್ಚು.

ನೋವು ಕತ್ತಿನ ಹಿಂದಿನಿಂದ ಹೊರಟು ನೆತ್ತಿಯ ಕಡೆ ಹೊಡೆದರೆ, ತಲೆ ಬಾಚಿದಾಗ, ದಿಂಬಿಗೆ ತಲೆ ಇಟ್ಟಾಗ ಚುರ್ ಎಂದರೆ ಅದು ಬೇರೆ ನರ, ಆಕ್ಸಿಪಿಟಲ್. ಅದರ ವಿಷಯ ಕೆಳಗಿದೆ.

ಮನೆಯಲ್ಲಿ ಕುಳಿತುಕೊಳ್ಳಬಾರದ ಸಂದರ್ಭಗಳಿವು: ಒಂದೇ ನಿಮಿಷದಲ್ಲಿ ಸಿಡಿದ ಭಯಂಕರ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, 50ರ ಮೇಲೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು. ಇವಕ್ಕೆ 108 ಕರೆಯಿರಿ. ಮುಖ ಜೋಮು ಹಿಡಿದಿದ್ದರೆ, ಆ ಬದಿಯ ಕಿವಿ ಮಂದವಾಗಿದ್ದರೆ, ನೋವು ಎರಡೂ ಬದಿಗೆ ಇದ್ದರೆ ಅಥವಾ ವಯಸ್ಸು 40ಕ್ಕಿಂತ ಕಡಿಮೆ ಇದ್ದರೆ ಗೆಡ್ಡೆಯೋ ಬೇರೆ ನರರೋಗವೋ ಇರಬಹುದು, ಎಂಆರ್‌ಐ ಮುಂದೂಡಬೇಡಿ.

ಮಾತ್ರೆ: ಹತ್ತುವುದೂ ನಿಧಾನ, ಇಳಿಯುವುದೂ ನಿಧಾನ

ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್ ಈ ನೋವಿಗೆ ನಾಟುವುದಿಲ್ಲ. ನಾಟುವುದಿಲ್ಲವೆಂದು ಮತ್ತೆ ಮತ್ತೆ ನುಂಗಿದರೆ ಹೊಟ್ಟೆ, ಕಿಡ್ನಿ ಹಾಳು. ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ನುಂಗಿದರೆ ಮಾತ್ರೆಯಿಂದಲೇ ಹುಟ್ಟುವ ಇನ್ನೊಂದು ತಲೆನೋವು ಸೇರಿಕೊಳ್ಳಬಹುದು. "ನರದ ಇಂಜೆಕ್ಷನ್" ಎಂದು ಊರೂರಲ್ಲಿ ಚುಚ್ಚುವ ಕೆಂಪು ಬಿ12 ಸೂಜಿಯಿಂದಲೂ, ಮೈಯಲ್ಲಿ ಬಿ12 ಕೊರತೆ ಇದ್ದ ಹೊರತು, ಪ್ರಯೋಜನವಿಲ್ಲ.

ಮೊದಲ ಮದ್ದು ಕಾರ್ಬಮಜೆಪಿನ್. ಮೂಲತಃ ಫಿಟ್ಸ್ ಮಾತ್ರೆ. ಮೆಡಿಕಲ್ ಶಾಪಿನವರು "ಇದು ಫಿಟ್ಸಿಗೆ" ಎಂದರೆ ಗಾಬರಿಯಾಗಿ ವಾಪಸ್ ಕೊಡಬೇಡಿ. ಡಾಕ್ಟರು ಸಾಮಾನ್ಯವಾಗಿ 100 ಮಿ.ಗ್ರಾಂ. ದಿನಕ್ಕೆರಡು ಸಲ, ಅಂದರೆ 200ರ ಮಾತ್ರೆಯಲ್ಲಿ ಅರ್ಧ ಬೆಳಿಗ್ಗೆ, ಅರ್ಧ ರಾತ್ರಿ ಎಂದು ಶುರು ಮಾಡಿ, ಕೆಲವು ದಿನಕ್ಕೊಮ್ಮೆ 100ರಿಂದ 200ರಷ್ಟು ಏರಿಸುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ 400ರಿಂದ 800ರೊಳಗೆ ನೋವು ಹಿಡಿತಕ್ಕೆ ಬರುತ್ತದೆ, 1200 ಮೇಲ್ಮಿತಿ. ವಯಸ್ಸಾದವರಿಗೆ ಇನ್ನೂ ನಿಧಾನ. ಊಟದ ಜೊತೆ ತೆಗೆದುಕೊಳ್ಳಿ. ಹೆಸರಿನ ಮುಂದೆ ಸಿಆರ್ ಎಂದಿರುವ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಪುಡಿಯಾದರೆ ದಿನವಿಡೀ ಬಿಡುಗಡೆಯಾಗಬೇಕಾದ ಮದ್ದು ಒಂದೇ ಸಲ ಒಳಗೆ ಹೋಗಿ ತಲೆ ಗಿರ್ರೆನ್ನುತ್ತದೆ.

ಈ ಮದ್ದಿಗೆ ಒಂದು ಚಾಳಿಯಿದೆ, ಅದು ಗೊತ್ತಿಲ್ಲದೆ ಅನೇಕರು ಕೈಬಿಡುತ್ತಾರೆ. ಮೊದಲ ವಾರದಲ್ಲಿ ನೋವು ಮಾಯವಾಗುತ್ತದೆ. ಮೂರರಿಂದ ಐದು ವಾರದ ಹೊತ್ತಿಗೆ ಅದೇ ಡೋಸಿನಲ್ಲಿ ಮತ್ತೆ ಇಣುಕುತ್ತದೆ. "ಮೈಗೆ ಒಗ್ಗಿಹೋಯ್ತು, ಇನ್ನು ಕೆಲಸ ಮಾಡಲ್ಲ" ಎಂಬ ತೀರ್ಮಾನ ತಪ್ಪು. ಕಾರ್ಬಮಜೆಪಿನ್ ತನ್ನನ್ನೇ ಬೇಗ ಒಡೆದುಹಾಕುವಂತೆ ಲಿವರನ್ನು ಚುರುಕುಗೊಳಿಸುತ್ತದೆ, ರಕ್ತದಲ್ಲಿ ಮದ್ದಿನ ಮಟ್ಟ ಇಳಿಯುತ್ತದೆ. ಡೋಸ್ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ. ಅಂದರೆ ಮೊದಲ ತಿಂಗಳ ಕೊನೆಗೆ ಒಮ್ಮೆ ಡಾಕ್ಟರ ಹತ್ತಿರ ಹೋಗಲೇಬೇಕು.

ತೂಕಡಿಕೆ, ತಲೆಸುತ್ತು, ಒಂದು ಎರಡಾಗಿ ಕಾಣುವುದು ಡೋಸ್ ಬೇಗ ಏರಿತು ಎಂಬುದರ ಸೂಚನೆ; ಆ ದಿನಗಳಲ್ಲಿ ಗಾಡಿ ಓಡಿಸಬೇಡಿ, ಪಂಪ್‌ಸೆಟ್ ನೋಡಲು ಬಾವಿ ಕಟ್ಟೆ ಹತ್ತಬೇಡಿ. ಇದಕ್ಕಿಂತ ಸದ್ದಿಲ್ಲದೆ ಬರುವ ತೊಂದರೆ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯುವುದು. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ "ಎಚ್" ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಮದ್ದು ಬೆರೆತಿರುತ್ತದೆ, ಎರಡೂ ಸೇರಿ ಸೋಡಿಯಂ ಕುಸಿಯುತ್ತದೆ. ಅಜ್ಜಿ ಇದ್ದಕ್ಕಿದ್ದಂತೆ ಮಂಕಾದರು, ಮಾತು ಅಸಂಬದ್ಧವಾಯಿತು, ನಡೆಯುವಾಗ ತೂರಾಡುತ್ತಾರೆ ಎಂದರೆ ವಯಸ್ಸಾಯ್ತು ಎಂದು ಸುಮ್ಮನಾಗದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮದ್ದು ಶುರು ಮಾಡುವ ಮೊದಲೂ, ಆಮೇಲೆ ಡಾಕ್ಟರು ಹೇಳಿದಾಗಲೂ ರಕ್ತಕಣ, ಲಿವರ್, ಸೋಡಿಯಂ ನೋಡಿಸಬೇಕು.

ಮೈಮೇಲೆ ಗಂಧೆ ಎದ್ದರೆ ಮುಂದಿನ ಮಾತ್ರೆ ಬೇಡ, ಡಾಕ್ಟರನ್ನು ಕಾಣಿ. ಅದರ ಜೊತೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮ ಸುಲಿಯುವುದು ಕಂಡರೆ ನೇರ ತುರ್ತು ಚಿಕಿತ್ಸಾ ಘಟಕಕ್ಕೆ, ಜೀವಕ್ಕೇ ಅಪಾಯ. ಇದು ಮೊದಲ ಎರಡು ತಿಂಗಳಲ್ಲೇ ಹೆಚ್ಚು. ಎಚ್‌ಎಲ್‌ಎ-ಬಿ 1502 ಎಂಬ ವಂಶವಾಹಿ ಇದ್ದವರಿಗೆ ಈ ಅಪಾಯ ಜಾಸ್ತಿ. ಅದಕ್ಕೆ ರಕ್ತಪರೀಕ್ಷೆಯಿದೆ, ಬೇಕೇ ಎಂದು ಮೊದಲೇ ಕೇಳಿ. ಗರ್ಭನಿರೋಧಕ ಮಾತ್ರೆಯ ಬಲವನ್ನು ಕಾರ್ಬಮಜೆಪಿನ್ ಕುಗ್ಗಿಸುತ್ತದೆ, ಬಸುರಿಯಾಗುವ ಯೋಚನೆ ಇದ್ದರೆ ಮುಂಚೆಯೇ ಹೇಳಬೇಕು. ಟಿಬಿ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಎರಿತ್ರೊಮೈಸಿನ್ ಗುಂಪಿನ ಆಂಟಿಬಯಾಟಿಕ್ ನಡೆಯುತ್ತಿದ್ದರೆ ಅದನ್ನೂ.

ಇದು ಒಗ್ಗದಿದ್ದರೆ ಆಕ್ಸ್‌ಕಾರ್ಬಜೆಪಿನ್ ಇದೆ. ತಲೆಸುತ್ತು ಕಡಿಮೆ, ಸೋಡಿಯಂ ಕಾಟ ಜಾಸ್ತಿ. ಬ್ಯಾಕ್ಲೊಫೆನ್, ಲ್ಯಾಮೋಟ್ರಿಜಿನ್, ಗ್ಯಾಬಾಪೆಂಟಿನ್ ಎರಡನೇ ಸಾಲಿನವು.

ಒಂದು ದಿನ ಮಾತ್ರೆ ತಪ್ಪಿದರೂ ನೋವು ಸೇಡು ತೀರಿಸಿಕೊಂಡಂತೆ ಬರುತ್ತದೆ. ಹಬ್ಬಕ್ಕೆ ಊರಿಗೆ ಹೋಗುವಾಗ ಸ್ಟ್ರಿಪ್ ಮರೆಯುವುದೇ ದೊಡ್ಡ ಕಾರಣ. ಮನೆಯಲ್ಲಿ ಯಾವಾಗಲೂ 10 ದಿನದ್ದು ಹೆಚ್ಚಿಗೆ ಇರಲಿ. ಈ ಕಾಯಿಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಾನಾಗಿಯೇ ಸುಮ್ಮನಿರುವುದುಂಟು. ಆ ಹೊತ್ತಿಗೆ ಯಾವ ಪುಡಿ ತಿನ್ನುತ್ತಿದ್ದಿರೋ, ಯಾವ ಸೊಪ್ಪಿನ ರಸ ಮೂಗಿಗೆ ಬಿಡಿಸಿಕೊಂಡಿದ್ದಿರೋ ಅದಕ್ಕೇ ಕೀರ್ತಿ ಹೋಗುತ್ತದೆ. ಆದರೆ ಹಾಗೆ ಸುಮ್ಮನಿದ್ದಾಗಲೂ ಮಾತ್ರೆಯನ್ನು ಡಾಕ್ಟರ ಲೆಕ್ಕದಲ್ಲಿ ವಾರಗಟ್ಟಲೆ ಇಳಿಸಬೇಕೇ ಹೊರತು ಪಟ್ಟನೆ ನಿಲ್ಲಿಸಬಾರದು.

ಮುಖ, ಹಲ್ಲು, ಊಟ

ನವೆಂಬರಿನಿಂದ ಜನವರಿಯವರೆಗೆ, ಅದರಲ್ಲೂ ಚಿಕ್ಕಬಳ್ಳಾಪುರದ ಬೆಟ್ಟದ ಕಡೆಯ ಬೆಳಗಿನ ಚಳಿಗೆ, ನಲ್ಲಿ ನೀರನ್ನು ಮುಖಕ್ಕೆ ಎರಚಿಕೊಂಡರೆ ಕಥೆ ಮುಗಿಯಿತು. ಒಂದು ಚೊಂಬು ಉಗುರುಬೆಚ್ಚನೆ ನೀರಿಗೆ ಹಳೆಯ ಹತ್ತಿ ಪಂಚೆಯ ತುಂಡು ಅದ್ದಿ ಹಿಂಡಿ. ನೋವಿಲ್ಲದ ಬದಿಯಿಂದ ಶುರು ಮಾಡಿ. ನೋವಿನ ಬದಿಗೆ ಬಂದಾಗ ಒರೆಸಬೇಡಿ, ಬಟ್ಟೆಯನ್ನು ಅಂಗೈಯಗಲ ಗಟ್ಟಿಯಾಗಿ ಒತ್ತಿ, ಎತ್ತಿ, ಪಕ್ಕದ ಜಾಗಕ್ಕೆ ಮತ್ತೆ ಒತ್ತಿ. ಸವರುವುದೇ ಶತ್ರು.

ಹೆದರಿ ಹಲ್ಲುಜ್ಜುವುದನ್ನೇ ಬಿಟ್ಟವರಿಗೆ ಆರು ತಿಂಗಳಲ್ಲಿ ನಿಜವಾದ ಹಲ್ಲುನೋವೂ ಗಂಟುಬೀಳುತ್ತದೆ. ಮಕ್ಕಳ ಮೆದು ಬ್ರಷ್ ತನ್ನಿ, ಮಾತ್ರೆಯಿಂದ ನೋವು ತಗ್ಗಿರುವ ಹೊತ್ತು ನೋಡಿಕೊಂಡು ಉಜ್ಜಿ, ಅದು ಬೆಳಿಗ್ಗೆಯೇ ಆಗಬೇಕೆಂದಿಲ್ಲ. ಒಂದು ಸಲ ಜೋರಾಗಿ ಹೊಡೆದ ಮೇಲೆ ಕೆಲವು ಕ್ಷಣ ನರ ದಣಿದು ಸುಮ್ಮನಿರುತ್ತದೆ. ಕಾಯಿಲೆ ಹಳೆಯದಾದವರು ಆ ಸಂದಿನಲ್ಲೇ ನಾಲ್ಕು ತುತ್ತು ಇಳಿಸುತ್ತಾರೆ.

ಊಟದ ವಿಷಯದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಯವರು ಅದೃಷ್ಟವಂತರು. ಅಗಿದರೆ ನೋಯುವ ಕಾಯಿಲೆಗೆ ಅಗಿಯದೆ ನುಂಗುವ ರಾಗಿಮುದ್ದೆಗಿಂತ ಒಳ್ಳೆಯ ಊಟ ಇನ್ನಾವುದಿದೆ? ಮುದ್ದೆ ಎಂದಿಗಿಂತ ಸ್ವಲ್ಪ ಮೆತ್ತಗಿರಲಿ, ತುತ್ತು ಗೋಲಿ ಗಾತ್ರಕ್ಕೆ ಇಳಿಯಲಿ, ಜೊತೆಗೆ ಮಸ್ಸೊಪ್ಪು. ಬಸ್ಸಾರು ಸರಿ, ಬಸಿದ ಕಾಳಿನ ಪಲ್ಯ ಬೇಡ. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆಯನ್ನು ನುಣ್ಣಗೆ ಬೇಯಿಸಿ. ಸಾರು ಬಿಸಿಬಿಸಿ ಬೇಡ, ಖಾರ ಕಮ್ಮಿ. ತಟ್ಟೆ ಇಡ್ಲಿ ಹಾಲಿನಲ್ಲಿ ಕಲಸಿದರೆ ಇಳಿಯುತ್ತದೆ. ಎಲೆ ಅಡಿಕೆ ಬಿಡಲೇಬೇಕು. ಗಂಟೆಗಟ್ಟಲೆ ಅಗಿಯುವ ಚಟ ಇಟ್ಟುಕೊಂಡು ಮಾತ್ರೆ ನುಂಗಿದರೆ ಡೋಸ್ ಏರುತ್ತಲೇ ಹೋಗುತ್ತದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಬೇಡ. ಮಫ್ಲರನ್ನು ಸಡಿಲವಾಗಿ ಸುತ್ತಿದರೆ ಅದೇ ಕೆನ್ನೆ ಸವರುತ್ತದೆ, ಬಿಗಿಯಾಗಿ ಸುತ್ತಿ. ಹೆಲ್ಮೆಟ್ ಹಾಕುವಾಗ ಎರಡೂ ಪಟ್ಟಿ ಹೊರಕ್ಕೆ ಅಗಲಿಸಿ ನೇರ ಇಳಿಸಿ. ಕೆನ್ನೆಗೆ ಸುಣ್ಣ, ಬಾಮ್, ಬರೆ ಯಾವುದೂ ಬೇಡ; ನರ ಹಾಳಾಗಿರುವುದು ತಲೆಬುರುಡೆಯೊಳಗೆ, ಚರ್ಮದಲ್ಲಲ್ಲ.

ಕತ್ತಿನ ಹಿಂದಿನ ನೋವಿಗೆ

ಆಕ್ಸಿಪಿಟಲ್ ನರ ಕತ್ತಿನ ಸ್ನಾಯುಗಳ ನಡುವೆ ತೂರಿ ನೆತ್ತಿಗೆ ಹತ್ತುತ್ತದೆ. ತಲೆ ಮೇಲೆ ಟೊಮೆಟೊ ಕ್ರೇಟು, ಮೂಟೆ ಹೊರುವವರು, ಬಗ್ಗಿ ಕುಳಿತು ರೇಷ್ಮೆ ನೂಲು ತೆಗೆಯುವವರು ಸ್ನಾಯು ಬಿಗಿದುಕೊಂಡು ಇದನ್ನು ಕೆರಳಿಸಿಕೊಳ್ಳಬಹುದು. ತಲೆ ಹಿಂದಿನ ಉಬ್ಬಿನಿಂದ ಕಿವಿಯ ಹಿಂದಿನ ಮೂಳೆಯ ಕಡೆ ಮೂರರಲ್ಲೊಂದು ದೂರದಲ್ಲಿ ಹೆಬ್ಬೆರಳು ಒತ್ತಿದರೆ ಅದೇ ನೋವು ಎದ್ದು ನೆತ್ತಿಗೆ ಹೊಡೆಯುತ್ತದೆ. ದಿನಕ್ಕೆರಡು ಸಲ 15 ನಿಮಿಷ ಬಿಸಿ ಶಾಖ ಕೊಡಿ. ಗದ್ದವನ್ನು ಮೇಲೆ ಕೆಳಗೆ ಮಾಡದೆ ನೇರ ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿಯಿರಿ, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ಮಲಗುವಾಗ ಎರಡು ದಿಂಬಿನ ಬದಲು ಸುರುಳಿ ಸುತ್ತಿದ ಟವೆಲ್ ಕತ್ತಿನ ಕೆಳಗಿರಲಿ. ಡಾಕ್ಟರು ರಾತ್ರಿಗೆ 10 ಮಿ.ಗ್ರಾಂ. ಅಮಿಟ್ರಿಪ್ಟಿಲಿನ್ ಬರೆಯಬಹುದು; ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ. ಗ್ಲಾಕೋಮಾ, ಪ್ರೊಸ್ಟೇಟ್ ತೊಂದರೆ ಇದ್ದರೆ ಮೊದಲೇ ತಿಳಿಸಿ. ಇಷ್ಟಕ್ಕೂ ಬಗ್ಗದಿದ್ದರೆ ನರದ ಪಕ್ಕ ಮರಗಟ್ಟಿಸುವ ಸೂಜಿ. ಅದು ಚಿಕಿತ್ಸೆಯೂ ಹೌದು, ನೋವು ಆ ನರದ್ದೇ ಎಂಬುದಕ್ಕೆ ಪುರಾವೆಯೂ ಹೌದು.

ಸಲೂನಿನಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಕತ್ತನ್ನು ಲಟಕ್ಕೆಂದು ತಿರುಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವುದುಂಟು.

ಹಣೆಯ ಮೇಲೆ ನೀರುಗುಳ್ಳೆ ಎದ್ದಿದ್ದರೆ ಅದು ಸರ್ಪಸುತ್ತು. ಕೆಮ್ಮಣ್ಣು ಹಚ್ಚಿಕೊಂಡು ಕಾಯುವ ಹೊತ್ತಲ್ಲ. 72 ಗಂಟೆಯೊಳಗೆ ವೈರಸ್ ಮಾತ್ರೆ ಶುರುವಾಗಬೇಕು. ಅಸೈಕ್ಲೋವಿರ್ ಆದರೆ ವಯಸ್ಕರಿಗೆ 800 ಮಿ.ಗ್ರಾಂ., ದಿನಕ್ಕೆ ಐದು ಸಲ, 7 ದಿನ. ಮೂಗಿನ ತುದಿಯಲ್ಲೂ ಗುಳ್ಳೆ ಕಂಡರೆ ಕಣ್ಣಿಗೆ ಅಪಾಯ, ಅವತ್ತೇ ಕಣ್ಣಿನ ಡಾಕ್ಟರು ನೋಡಬೇಕು.

ಮಾತ್ರೆಯ ಆಚೆ

ಡೋಸ್ ಮೇಲ್ಮಿತಿಗೆ ಬಂದೂ ಊಟ ಸೇರುತ್ತಿಲ್ಲ, ಅಥವಾ ಮಾತ್ರೆಯ ಮಂಪರಿನಲ್ಲೇ ದಿನ ಕಳೆಯುತ್ತಿದೆ ಎಂದರೆ ಶಸ್ತ್ರಚಿಕಿತ್ಸೆಯ ಮಾತು ಎತ್ತಿ. ಕಿವಿಯ ಹಿಂದೆ ಸಣ್ಣ ಕಿಂಡಿ ಕೊರೆದು ನರಕ್ಕೂ ರಕ್ತನಾಳಕ್ಕೂ ನಡುವೆ ಟೆಫ್ಲಾನ್ ತುಣುಕು ಇಡುವುದು ಮೂಲಕ್ಕೇ ಕೈಹಾಕುವ ದಾರಿ. ಹತ್ತು ವರ್ಷದ ನಂತರವೂ ಹತ್ತರಲ್ಲಿ ಸುಮಾರು ಏಳು ಜನ ಆರಾಮವಾಗಿರುತ್ತಾರೆ. ಕಿವಿ ಮಂದವಾಗುವ ಸಣ್ಣ ಅಪಾಯ ಇದೆ. ಅಷ್ಟು ದೊಡ್ಡ ಆಪರೇಷನ್ ತಾಳದವರಿಗೆ ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಕಾಯಿಸುವುದು ಅಥವಾ ಬಲೂನಿನಿಂದ ಅದುಮುವುದು. ಉಪಶಮನ ಬೇಗ, ಮುಖ ಜೋಮು ಹಿಡಿಯುತ್ತದೆ, ಕೆಲವು ವರ್ಷಕ್ಕೆ ನೋವು ಮರಳಬಹುದು. ಮೂರನೆಯದು ಗಾಮಾ ನೈಫ್, ಅಂದರೆ ನರದ ಬುಡಕ್ಕೆ ಹೊರಗಿನಿಂದಲೇ ವಿಕಿರಣ ಹಾಯಿಸುವುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಕತ್ತರಿಸುವುದಿಲ್ಲ, ಫಲ ಕಾಣಲು ವಾರಗಳಿಂದ ತಿಂಗಳುಗಳು ಬೇಕು.

ದಾರಿ ಹೀಗೆ: ಮೊದಲು ಜಿಲ್ಲಾಸ್ಪತ್ರೆ. ನಿಮ್ಹಾನ್ಸ್ ಜೊತೆ 2022ರಲ್ಲಿ ಶುರುವಾದ ಕರ್ನಾಟಕದ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಮೊದಲು ಜಾರಿ ಮಾಡಿದ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು, "ಬ್ರೈನ್ ಕ್ಲಿನಿಕ್" ಎಲ್ಲಿ ಎಂದು ಅಲ್ಲೇ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ಬೆಂಗಳೂರಿನ ಬಸ್ಸು ಹತ್ತಬೇಡಿ. ಎಂಆರ್‌ಐ ಬರೆಸುವಾಗ ಬರೀ "ಬ್ರೈನ್" ಎಂದಿದ್ದರೆ ಸಾಲದು. ಟ್ರೈಜೆಮಿನಲ್ ನರಕ್ಕೆ ತೆಳು ಪದರದ ಚಿತ್ರ ಬೇಕು, ಸಿಐಎಸ್‌ಎಸ್ ಅಥವಾ ಫಿಯೆಸ್ಟಾ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ "ನಾರ್ಮಲ್" ಎಂದು ಬರುತ್ತದೆ, ಇನ್ನೊಮ್ಮೆ ದುಡ್ಡು ಕಟ್ಟಬೇಕಾಗುತ್ತದೆ.

ಜೊತೆಗೆ ಗೋಡೆಯ ಕ್ಯಾಲೆಂಡರಿನ ಎರಡು ತಿಂಗಳ ಹಾಳೆ ಒಯ್ಯಿರಿ. ಪ್ರತಿ ದಿನದ ಚೌಕದಲ್ಲಿ ಮೂರೇ ವಿಷಯ: ಎಷ್ಟು ಹೊಡೆತ, ಒಟ್ಟು ಎಷ್ಟು ಮಿ.ಗ್ರಾಂ., ತಲೆ ಸುತ್ತಿತೇ ಇಲ್ಲವೇ. ಹೊರರೋಗಿ ವಿಭಾಗದಲ್ಲಿ ಸಿಗುವ ಐದು ನಿಮಿಷದಲ್ಲಿ ಡೋಸ್ ನಿರ್ಧಾರವಾಗುವುದು ಆ ಹಾಳೆಯ ಮೇಲೆ. ಯಾರಾದರೊಬ್ಬರು ಜೊತೆಗೆ ಹೋಗಲಿ, ಮಾತಾಡಿದರೆ ನೋಯುವವರ ಪರವಾಗಿ ಮಾತಾಡಲು. ನೋವಿಗೆ ಹೆದರಿ ಊಟ ಬಿಟ್ಟು ಮೂಲೆ ಹಿಡಿದವರು "ಇನ್ನು ಬದುಕಿ ಏನು" ಎಂದರೆ ಅದನ್ನೂ ಡಾಕ್ಟರಿಗೆ ಹೇಳಬೇಕು; ರಾತ್ರಿ ಹೊತ್ತಿನಲ್ಲಾದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.